ಸೈಕಲ್ಲಿಗೂ ಅಳತೆ ಕೊಟ್ಟು ಚೀಲ ಹೊಲಿಸಿ

ರವಿಕೆ ಹೊಲಿಸುವಾಗ ಯಾರದೋ ಅಳತೆಗೆ ಒಪ್ಪಿಕೊಳ್ಳುತ್ತೀರಾ? ಇಲ್ಲ ಅಲ್ಲವೇ? ತೋಳು ಇಷ್ಟು, ಕಂಕುಳು ಇಷ್ಟು ಎಂದು ನಿಂತು ಹೇಳಿಯೇ ಬರುತ್ತೀರಿ. ಆದರೆ ಮನೆಯ ಸೈಕಲ್ಲಿಗೆ ಮಾತ್ರ ಯಾವ ಚೀಲವಾದರೂ ನಡೀತದೆ! ತರಕಾರಿಯೂ ಹ್ಯಾಂಡಲ್ಲಿಗೆ, ಬುತ್ತಿಯೂ ಹ್ಯಾಂಡಲ್ಲಿಗೆ. ಹೀಗೆ ತೂಗುವ ಭಾರ ತಿರುವಿನಲ್ಲಿ ಹ್ಯಾಂಡಲನ್ನು ಒಂದೇ ಕಡೆಗೆ ಎಳೆಯುತ್ತದೆ. ಚೀಲ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿತೋ, ಕೂತವರು ಮುಗ್ಗರಿಸುವುದೇ ಸೈ.

ಅದೇ ಭಾರ ಬಾರ್ ಕೆಳಗಿನ ತ್ರಿಕೋನದಲ್ಲಿ ಕೂತರೆ ಅಲುಗಾಡುವುದಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗೆ ಹೋಗುವ ಯಜಮಾನರಿಗೂ, ಕುರುಗೋಡಿನಲ್ಲಿ ಹೈಸ್ಕೂಲಿಗೆ ಹೋಗುವ ಮಗನಿಗೂ ಇದು ಅನುಕೂಲ. ಆದರೆ ಒಂದು ಸೈಕಲ್ಲಿನ ತ್ರಿಕೋನ ಇನ್ನೊಂದರಂತೆ ಇರುವುದಿಲ್ಲ. ಅಳತೆ ಕೊಟ್ಟೇ ಹೊಲಿಸಬೇಕು.

ಅಳತೆ ಹೀಗೆ ತೆಗೆಯಿರಿ

ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ತ್ರಿಕೋನಕ್ಕೆ ಒತ್ತಿ ಹಿಡಿದು, ಕೊಳವೆಗಳ ಒಳಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆಗಿಂತ ಕಾಲು ಇಂಚು ಒಳಗೆ ಕತ್ತರಿಸಿ. ಬ್ರೇಕಿನ ಕಂಬಿ ಅಥವಾ ವೈರು, ಗಾಳಿ ಪಂಪು ಇರುವ ಕಡೆ ಇನ್ನಷ್ಟು ಜಾಗ ಬಿಡಿ. ಚೀಲ ಒತ್ತಿದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಹಾಳೆಯ ಮೇಲೆ 'ಎಡ', 'ಮುಂದೆ' ಎಂದು ಬರೆಯಲು ಮರೆಯಬೇಡಿ. ಹಾಳೆ ತಿರುಗಿಬಿದ್ದರೆ ಜಿಪ್ಪು ಚೈನಿನ ಎಣ್ಣೆಯ ಕಡೆಗೆ ಬಂದೀತು!

ಚೀಲದ ದಪ್ಪ ಎರಡೂವರೆ ಇಂಚು ಸಾಕು. ಹೆಚ್ಚಾದರೆ ಪೆಡಲ್ ತುಳಿಯುವಾಗ ಮೊಣಕಾಲು ಉಜ್ಜುತ್ತದೆ. ಇದರಲ್ಲಿ ದುಂಡನೆಯ ಡಬ್ಬಿ ಹಿಡಿಸದು. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಚಪ್ಪಟೆ ಡಬ್ಬಿ, ಪಂಕ್ಚರ್ ಸಾಮಾನು ಚೆನ್ನಾಗಿ ಕೂರುತ್ತವೆ.

ಈಗ ಲೆಕ್ಕ. ಕತ್ತರಿಸಿದ ಹಾಳೆಯ ಬದಿಗಳು 20, 18, 14 ಇಂಚು ಇದ್ದವೆನ್ನಿ. ಒಟ್ಟು ಸುತ್ತಳತೆ 52. ಹೊಲಿಗೆಗೆ ಎಲ್ಲ ಅಂಚಿಗೂ ಅರ್ಧ ಇಂಚು ಸೇರಿಸಿದರೆ, ಸುತ್ತಲಿನ ಪಟ್ಟಿ 53 ಇಂಚು ಉದ್ದ, ಮೂರೂವರೆ ಇಂಚು ಅಗಲ. 58 ಇಂಚು ಪನ್ನದ ಬಟ್ಟೆಯಾದರೆ ಅರ್ಧ ಮೀಟರ್ ಸಾಕು. ಅಷ್ಟೇ ಒಳಬಟ್ಟೆ ಬೇಕು.

ಎಲ್ಲಿ, ಯಾವ ಬಟ್ಟೆಯಲ್ಲಿ?

ಬಳ್ಳಾರಿಯ ಹೆಣ್ಣುಮಕ್ಕಳಿಗೆ ಇದನ್ನು ಹೇಳಬೇಕೇ? ಜೀನ್ಸ್ ಹೊಲಿಗೆಗೇ ಹೆಸರಾದ ಊರು ನಿಮ್ಮದು. ರವಿಕೆ ಹೊಲಿಯುವ ಸಣ್ಣ ಸೂಜಿ ನಾಲ್ಕು ಪದರದ ಜೀನ್ಸಿನಲ್ಲಿ ಪಟ್ಟನೆ ಮುರಿಯುತ್ತದೆ. 16 ಇಲ್ಲವೇ 18ನೇ ನಂಬರಿನ ಸೂಜಿ ಬೇಕು. ಜೀನ್ಸ್ ಹೊಲಿಯುವವರ ಬಳಿ ಮಷೀನೂ ಇರುತ್ತದೆ, ದಪ್ಪ ದಾರವೂ ಇರುತ್ತದೆ. ಕತ್ತರಿಸಿ ಉಳಿದ ದೊಡ್ಡ ತುಂಡು ಇದ್ದರೆ ಕೇಳಿ ನೋಡಿ, ಖರ್ಚು ಉಳಿದೀತು. ಆದರೆ ಜೀನ್ಸ್ ನೀರು ಕುಡಿದರೆ ಬೇಗ ಒಣಗದು. ಒಳಗೆ ನೈಲಾನ್ ಬಟ್ಟೆ ಕೊಡಿಸಿ, ಜಿಪ್ಪಿನ ಮೇಲೆ ಒಂದು ಮಡಿಕೆ ಇಡಿಸಿ. ಅಗ್ಗವೆಂದು ರೆಕ್ಸಿನ್ ಆರಿಸಬೇಡಿ. ನಮ್ಮ ಬಿಸಿಲಿಗೆ ಅದು ಬಿರಿಯುತ್ತದೆ.

ಬಾರ್‌ಗೆ ಎರಡು, ಉಳಿದ ಎರಡು ಕೊಳವೆಗಳಿಗೆ ಒಂದೊಂದು ಪಟ್ಟಿ ಬೇಕು. ವೆಲ್ಕ್ರೋ ಪಟ್ಟಿಯಾದರೆ ಬಿಚ್ಚಿ ಒಗೆಯುವುದು ಸುಲಭ.

ಕೂಲಿ, ಮುಂಗಡ, ಕೊಡುವ ದಿನ ಮೂರನ್ನೂ ಮೊದಲೇ ಮಾತಾಡಿಕೊಳ್ಳಿ. ಕಚ್ಚಾ ಹೊಲಿಗೆ ಆದಾಗ ಸೈಕಲ್ಲನ್ನೇ ಒಯ್ದು ಕಟ್ಟಿ ನೋಡಿ. ಓಡಿಸುವವರೇ ಹತ್ತಿ ನಾಲ್ಕು ಸುತ್ತು ತುಳಿಯಲಿ. ಆಮೇಲೆ ಪಕ್ಕಾ ಹೊಲಿಗೆ.

ಮಗಳ ಸೈಕಲ್ಲಾದರೆ?

2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದ ಮೇಲೆ ಎಷ್ಟೋ ಹಳ್ಳಿಮನೆಗಳಿಗೆ ಲೇಡೀಸ್ ಸೈಕಲ್ ಬಂತು. ಅದಕ್ಕೆ ಮೇಲಿನ ಬಾರ್ ಇಲ್ಲ. ಇಳಿಜಾರು ಕೊಳವೆಗಳ ನಡುವೆ ಚೀಲ ತುರುಕಿದರೆ ಹತ್ತಿಳಿಯುವಾಗ ಕಾಲಿಗೆ, ಲಂಗಕ್ಕೆ ತೊಡರುತ್ತದೆ. ಅವಳಿಗೆ ಹಿಂದಿನ ಕ್ಯಾರಿಯರ್ ಪಕ್ಕಕ್ಕೆ ಹೊಲಿಸಿ. ಹಿಮ್ಮಡಿ ತಾಗದಷ್ಟು ಹಿಂದಕ್ಕಿರಲಿ. ಚಕ್ರದ ಕಡೆಗೆ ರಟ್ಟೋ ತೆಳು ಹಲಗೆಯೋ ಸೇರಿಸಿದರೆ ಕಡ್ಡಿಯೊಳಗೆ ಬಾಗುವುದಿಲ್ಲ. ವೇಲಿನ ತುದಿಯನ್ನೂ ಆ ಚೀಲದೊಳಗೆ ಸಿಕ್ಕಿಸಬೇಡಮ್ಮಾ, ಸೊಂಟಕ್ಕೆ ಕಟ್ಟಿಕೋ ಎಂದು ಹೇಳಿ ಕಳಿಸಿ.

ಕೊನೆಗೊಂದು ಮಾತು. ಅಳತೆಯ ಹಾಳೆಯನ್ನು ಎಸೆಯಬೇಡಿ. ರವಿಕೆಯ ಅಳತೆಯ ಜೊತೆಯಲ್ಲೇ ಮಡಿಸಿಡಿ. ಈ ಚೀಲ ಹರಿದ ದಿನ ಮತ್ತೆ ಬೇಕಾಗುತ್ತದೆ.