ಟಬ್ಬಿನ ಆಮೆಗೆ ಎಷ್ಟು ಬಿಸಿಲು ಬೇಕು?

ಡಿಸೆಂಬರ್‌ನ ಒಂದು ರಾತ್ರಿ. ಬೆಂಗಳೂರಿನ ರೂಮಿನಲ್ಲಿ ಕ್ಲೈಂಟ್ ಕಾಲ್ ನಡೀತಿತ್ತು. ಸಿಂಧನೂರಿನಿಂದ ಅಕ್ಕನ ಫೋನ್ ಮೂರು ಸಲ ಬಂತು. ಅಕ್ಕ ಮೂರು ಸಲ ಮಾಡಿದಳೆಂದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಮ್ಯೂಟ್ ಮಾಡಿ ಎತ್ತಿದೆ.

"ಗುಂಡ ನಾಕು ದಿನದಿಂದ ಏನೂ ತಿಂದಿಲ್ಲಪಾ. ಕಣ್ಣು ಬಾತಾವ. ಬೆನ್ನು ಒತ್ತಿದ್ರ ಮೆತ್ತಗ ಆಗೈತಿ. ಇವ ಅಳಾಕ ಹತ್ಯಾನ."

ಗುಂಡ ಅಂದರೆ ಆಮೆ. ಇವ ಅಂದರೆ ಅಕ್ಕನ ಮಗ, ಎಂಟು ವರ್ಷದವನು. ಅವನ ಹುಟ್ಟುಹಬ್ಬಕ್ಕೆ ಆ ಆಮೆಯನ್ನು ಬೆಂಗಳೂರಿನಿಂದ ತಂದುಕೊಟ್ಟವನು ನಾನೇ. ಕಿವಿಯ ಹತ್ತಿರ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್. ಅಂಗೈಯಲ್ಲಿ ಹಿಡಿಯುವಷ್ಟು ಮರಿ. ಜೊತೆಗೆ ಒಂದು ಪ್ಲಾಸ್ಟಿಕ್ ಟಬ್, ಅದರೊಳಗೊಂದು ಪ್ಲಾಸ್ಟಿಕ್ ತೆಂಗಿನ ಗಿಡ. "ದಿನಾ ನಾಲ್ಕು ಕಾಳು ಹಾಕಿ, ನೀರು ಬದಲಾಯಿಸಿ, ಅಷ್ಟೇ ಸರ್" ಎಂದಿದ್ದರು ಅಂಗಡಿಯವರು. ನಾನೂ ಅಷ್ಟೇ ಅಂದುಕೊಂಡೆ. ಆರು ತಿಂಗಳು ಅದು ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಎಲ್‌ಇಡಿ ಬಲ್ಬಿನ ಕೆಳಗೆ ಬೆಳೆಯಿತು.

ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಸಿಂಧನೂರಿನ ಪಶು ಆಸ್ಪತ್ರೆಯ ಡಾಕ್ಟರು ಆಮೆಯನ್ನು ಕೈಯಲ್ಲಿ ಹಿಡಿದು ನಕ್ಕರು. "ನಾವು ಎಮ್ಮೆ, ಕುರಿ ನೋಡಾವ್ರು. ಆದ್ರ ಇದು ನೋಡಿದ್ರ ಗೊತ್ತಾಗ್ತೈತಿ, ಸುಣ್ಣ ಕಡಿಮಿ ಆಗೈತಿ" ಎಂದರು. ಬೆಂಗಳೂರಿನಲ್ಲಿ ಇಂಥ ಪ್ರಾಣಿ ನೋಡುವ ತಮ್ಮ ಗೆಳೆಯನಿಗೆ ಅಲ್ಲೇ ಫೋನ್ ಮಾಡಿ ಔಷಧದ ಪ್ರಮಾಣ ಕೇಳಿದರು. ಕ್ಯಾಲ್ಸಿಯಂ ಕೊಟ್ಟರು. ಕಣ್ಣಿನ ಬಾವು ಎ ವಿಟಮಿನ್ ಕೊರತೆಯಿಂದ ಎಂದು ಅದಕ್ಕೂ ಔಷಧ ಬರೆದರು. ಹೊರಡುವಾಗ ಒಂದು ಮಾತು ಕೇಳಿದರು: "ಇದನ್ನ ಬಿಸಿಲಿಗೆ ಯಾವಾಗ ಇಟ್ಟಿದ್ರಿ?"

ಬೇಸಿಗೆಯಲ್ಲಿ ತಲೆ ಸುಡುವಂಥ ರಾಯಚೂರು ಜಿಲ್ಲೆಯಲ್ಲಿ, ಆರು ತಿಂಗಳಲ್ಲಿ ಒಂದು ದಿನವೂ ಆ ಜೀವ ಬಿಸಿಲು ಕಂಡಿರಲಿಲ್ಲ.

ಬಲ್ಬ್ ಒಂದು, ಕೆಲಸ ಮೂರು

ಅವತ್ತು ರಾತ್ರಿ ಕೂತು ಓದಿದೆ. ಮೊದಲು ಅರ್ಥವಾಗಿದ್ದು ಇದು: ಆಮೆಗೆ "ಲೈಟ್ ಹಾಕೋದು" ಅಂದರೆ ಒಂದು ಕೆಲಸ ಅಲ್ಲ, ಮೂರು ಕೆಲಸ. ಬೆಳಕು, ಶಾಖ ಮತ್ತು ಯುವಿಬಿ.

ಬೆಳಕು ಬೇಕಿರೋದು ಹಗಲು-ರಾತ್ರಿ ಗೊತ್ತಾಗಲು. ದಿನಕ್ಕೆ 10ರಿಂದ 12 ಗಂಟೆ ಬೆಳಕು, ಉಳಿದ ಹೊತ್ತು ಕತ್ತಲೆ. ಇದಕ್ಕೆ ಸಾದಾ ಎಲ್‌ಇಡಿ ಸಾಕು.

ಶಾಖ ಬೇಕಿರೋದು ಆಮೆಯ ಮೈ ತಾನಾಗಿ ಬಿಸಿಯಾಗದ ಕಾರಣ. ನಮ್ಮ ಹಾಗೆ ಒಳಗೇ 37 ಡಿಗ್ರಿ ಇಟ್ಟುಕೊಳ್ಳಲು ಅದಕ್ಕೆ ಬರುವುದಿಲ್ಲ. ಹೊರಗಿನ ಬಿಸಿ ಸಿಗದಿದ್ದರೆ ತಿಂದದ್ದು ಅರಗುವುದಿಲ್ಲ, ಹಾಗಾಗಿ ತಿನ್ನುವುದನ್ನೇ ಬಿಡುತ್ತದೆ. ಸ್ಲೈಡರ್ ಮರಿಗೆ ನೀರು 26ರಿಂದ 28 ಡಿಗ್ರಿ ಇರಬೇಕು. ಮೈ ಕಾಯಿಸಲು ಹತ್ತುವ ಕಲ್ಲಿನ ಮೇಲೆ 32ರಿಂದ 35. ಡಿಸೆಂಬರ್ ಬೆಳಿಗ್ಗೆ ಅಕ್ಕನ ಮನೆಯ ಟಬ್ಬಿನಲ್ಲಿ ನಾನು ಅಳೆದಾಗ ನೀರು 20 ಇತ್ತು.

ಮೂರನೆಯದು ಯುವಿಬಿ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಇದು. ಚರ್ಮದ ಮೇಲೆ ಇದು ಬಿದ್ದರೆ ಡಿ3 ವಿಟಮಿನ್ ತಯಾರಾಗುತ್ತದೆ. ಡಿ3 ಇದ್ದರೆ ಮಾತ್ರ ತಿಂದ ಸುಣ್ಣ ಮೈಗೆ ಹತ್ತುತ್ತದೆ. ಇಲ್ಲದಿದ್ದರೆ ದೇಹ ತನ್ನ ಮೂಳೆಯಿಂದಲೇ ಸುಣ್ಣ ತೆಗೆದುಕೊಳ್ಳುತ್ತದೆ. ಆಮೆಯ ಚಿಪ್ಪು ಕೂಡ ಮೂಳೆಯೇ, ಅದಕ್ಕೇ ಚಿಪ್ಪು ಮೆತ್ತಗಾಗೋದು. ಮಕ್ಕಳಿಗೆ ಬರುವ ರಿಕೆಟ್ಸ್ ಕೂಡ ಇದೇ ಜಾತಿಯ ಕಾಯಿಲೆ. ನಮ್ಮ ಅಜ್ಜಿಯಂದಿರು ಕೂಸಿಗೆ ಎಣ್ಣೆ ಹಚ್ಚಿ ಅಂಗಳದಲ್ಲಿ ಕೂರಿಸಿಕೊಳ್ಳುತ್ತಿದ್ದರಲ್ಲ, ಅದರ ಲೆಕ್ಕವೇ ಇಲ್ಲಿಯೂ.

ಮನೆಯ ಎಲ್‌ಇಡಿ ಬಲ್ಬಿನಲ್ಲಿ ಬೆಳಕುಂಟು. ಕೆಳಗಿನ ಕಲ್ಲು ಬಿಸಿಯಾಗುವಷ್ಟು ಶಾಖ ಇಲ್ಲ, ಯುವಿಬಿ ಇಲ್ಲ. ಹಳೇ ಕಾಲದ 60 ವಾಟಿನ ತಂತಿ ಬಲ್ಬಿನಲ್ಲಿ ಬೆಳಕೂ ಉಂಟು, ಶಾಖವೂ ಉಂಟು, ಯುವಿಬಿ ಇಲ್ಲ. ಕಿಟಕಿ ಗಾಜಿನ ಒಳಗೆ ಬರುವ ಬಿಸಿಲಿನಲ್ಲೂ ಯುವಿಬಿ ಇರುವುದಿಲ್ಲ ಅಂದರೂ ಸರಿ, ಸಾದಾ ಗಾಜು ಅದನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತದೆ. "ನಮ್ಮ ಆಮಿ ಕಿಡಕಿ ಹತ್ರಾನ ಇರತೈತ್ರಿ" ಅನ್ನುವವರು ಇದನ್ನು ಗಮನಿಸಬೇಕು.

ಮೊದಲ ಖರೀದಿ, ಮೊದಲ ಪೆಟ್ಟು

ಇಂಜಿನಿಯರ್ ಅಲ್ವಾ, ಓದು ಪೂರ್ತಿ ಮುಗಿಯುವ ಮೊದಲೇ ಆರ್ಡರ್ ಮಾಡಿಬಿಟ್ಟಿದ್ದೆ. ಆನ್‌ಲೈನ್‌ನಲ್ಲಿ "ಆಮೆಗೆ ಯುವಿ ಲೈಟ್" ಅಂತ ₹600ಕ್ಕೆ ಒಂದು ಎಲ್‌ಇಡಿ. ಬಂತು, ಹಾಕಿದೆ, ನೇರಳೆ ಬಣ್ಣದಲ್ಲಿ ಚೆಂದ ಹೊಳೆಯಿತು. ಆಮೇಲೆ ಡಬ್ಬಿ ತಿರುಗಿಸಿ ಓದಿದರೆ 395 ನ್ಯಾನೋಮೀಟರ್ ಎಂದಿತ್ತು. ಡಿ3 ತಯಾರಾಗಲು ಬೇಕಾದ್ದು ಸುಮಾರು 290ರಿಂದ 315 ನ್ಯಾನೋಮೀಟರ್. ಅಂದರೆ ನಾನು ತಂದದ್ದು ಬರೀ ಬಣ್ಣದ ದೀಪ. ನೇರಳೆ ಬಣ್ಣ ಕಂಡಿತು ಅಂದಮಾತ್ರಕ್ಕೆ ಯುವಿಬಿ ಇದೆ ಅಂತಲ್ಲ.

ಎರಡನೇ ಸಲ ಹಲ್ಲಿ, ಆಮೆಯಂಥ ಸರೀಸೃಪಗಳಿಗೆಂದೇ ಮಾಡುವ ಉದ್ದನೆಯ ಟಿ5 ಟ್ಯೂಬ್ ತರಿಸಿದೆ, 24 ವಾಟಿನದು, ಮೇಲೆ 5.0 ಎಂದು ಬರೆದದ್ದು. ಮರುಭೂಮಿಯ ಪ್ರಾಣಿಗಳಿಗೆ 10.0 ಎಂಬ ಇನ್ನೂ ಜೋರಿನದು ಇರುತ್ತದೆ. ಉದ್ದ ಟ್ಯೂಬ್ ಯಾಕೆ ಅಂದರೆ, ಸಣ್ಣ ಸುರುಳಿ ಬಲ್ಬಿನ ಯುವಿಬಿ ಒಂದು ಅಂಗೈ ಜಾಗಕ್ಕೆ ಮಾತ್ರ ಬೀಳುತ್ತದೆ. ಟ್ಯೂಬ್ ಇಡೀ ಕಲ್ಲಿಗೆ ಹರಡುತ್ತದೆ.

ಇದರ ಜೊತೆ ಮೂರು ವಿಷಯ ಕಲಿತೆ. ಒಂದು, ದೂರ: ಟ್ಯೂಬಿನಿಂದ ದೂರ ಸರಿದಷ್ಟೂ ಯುವಿಬಿ ಬೇಗ ಇಳಿಯುತ್ತದೆ. ನಮ್ಮದು ಕಲ್ಲಿನಿಂದ 30 ಸೆಂಟಿಮೀಟರ್ ಮೇಲಿದೆ. ಎರಡು, ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಮುಚ್ಚಳ ಇರಲೇಬಾರದು. ತಂತಿ ಜಾಲರಿ ಕೂಡ ಒಂದಿಷ್ಟು ತಿಂದುಹಾಕುತ್ತದೆ. ಮೂರು, ಟ್ಯೂಬ್ ಉರಿಯುತ್ತಿದ್ದರೂ ಅದರ ಯುವಿಬಿ ತಿಂಗಳು ಕಳೆದಂತೆ ಕಡಿಮೆಯಾಗುತ್ತದೆ. ಕಂಪನಿ ಹೇಳಿದಂತೆ 6ರಿಂದ 12 ತಿಂಗಳಿಗೆ ಬದಲಿಸಬೇಕು. ಹಾಕಿದ ತಾರೀಕನ್ನು ಟ್ಯೂಬಿನ ಮೇಲೇ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.

ಲಿಂಗಸುಗೂರಿನ ಕೋಳಿ ಶೆಡ್

ಶಾಖದ ಪಾಠ ಸಿಕ್ಕಿದ್ದು ಇಂಟರ್ನೆಟ್‌ನಲ್ಲಿ ಅಲ್ಲ. ಲಿಂಗಸುಗೂರಿನ ಹತ್ತಿರ ನನ್ನ ಕಾಲೇಜು ಗೆಳೆಯನ ಕೋಳಿ ಫಾರ್ಮ್ ಇದೆ. ತಂತಿ ಬಲ್ಬಿಗೆ ಪಿಂಗಾಣಿ ಹೋಲ್ಡರ್ ಬೇಕಿತ್ತು. ಪ್ಲಾಸ್ಟಿಕ್ ಹೋಲ್ಡರ್ ಆ ಬಿಸಿಗೆ ದಿನಗಟ್ಟಲೆ ತಡೆಯುವುದಿಲ್ಲ. ಅವನ ಶೆಡ್ಡಿನಲ್ಲಿ ಇದ್ದೇ ಇರುತ್ತದೆ ಅಂತ ಹೋದೆ.

ಹೊಸ ಮರಿಗಳ ಬ್ಯಾಚ್ ಬಂದಿತ್ತು. ನಾನು ಥರ್ಮಾಮೀಟರ್ ಎಲ್ಲಿ ಇಟ್ಟಿದ್ದೀಯ ಅಂತ ಕೇಳಿದೆ. ಅವನು ಮರಿಗಳ ಕಡೆ ಕೈ ತೋರಿಸಿದ. "ಇವೇ ಥರ್ಮಾಮೀಟರ್ಲೇ. ಬಲ್ಬಿನ ಕೆಳಗ ಒಂದರ ಮ್ಯಾಲೊಂದು ಬಿದ್ರ ಚಳಿ. ದೂರ ಸರದು ಬಾಯಿ ತೆಗದ್ರ ಸೆಕಿ. ಎಲ್ಲಾ ಕಡಿ ಹರಡಿಕೊಂಡು ತಿಂತಿದ್ರ ಬರೋಬರಿ."

ಆಮೆಗೂ ಇದೇ ಲೆಕ್ಕ. ತೊಟ್ಟಿಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಯಾವುದು ಬೇಕು ಅಂತ ಆಮೆಯೇ ಆರಿಸಿಕೊಳ್ಳಲಿ. ದಿನವಿಡೀ ಕಲ್ಲು ಬಿಟ್ಟು ಇಳಿಯದಿದ್ದರೆ ನೀರು ತಣ್ಣಗಿರಬಹುದು. ಕಲ್ಲು ಹತ್ತದೇ ಇದ್ದರೆ ಕಲ್ಲು ಸುಡುತ್ತಿರಬಹುದು.

ಅಕ್ಕನ ಪ್ರಶ್ನೆ: ಬಿಲ್ ಎಷ್ಟು?

ಕೊನೆಗೆ ಕೂತ ವ್ಯವಸ್ಥೆ ಹೀಗಿದೆ. ಮೂರು ಅಡಿ ಗಾಜಿನ ತೊಟ್ಟಿ. ಒಂದು ತುದಿಗೆ ಹೊಲದಿಂದ ತಂದ ಚಪ್ಪಟೆ ಕಲ್ಲು, ನೀರಿನಿಂದ ಮೇಲೆ. ಕಲ್ಲಿನ ಮೇಲೆ 60 ವಾಟಿನ ಬಲ್ಬ್, ಅದರ ಪಕ್ಕದಲ್ಲೇ ಯುವಿಬಿ ಟ್ಯೂಬ್. ಬಿಸಿಯೂ ಯುವಿಬಿಯೂ ಒಂದೇ ಜಾಗಕ್ಕೆ ಬೀಳಬೇಕು, ಸೂರ್ಯ ಮಾಡೋದೂ ಹಾಗೇ ಅಲ್ವಾ. ನೀರಿಗೆ ಚಳಿಗಾಲದಲ್ಲಿ ಮಾತ್ರ 26ಕ್ಕೆ ಸೆಟ್ ಮಾಡಿದ ಅಕ್ವೇರಿಯಂ ಹೀಟರ್.

ರಾತ್ರಿಗೆ ಕೆಂಪು ಬಲ್ಬ್ ಹಾಕಿ ಅಂತ ಕೆಲವರು ಹೇಳುತ್ತಾರೆ. ಬೇಡ. ಆಮೆಗಳಿಗೆ ಕೆಂಪು ಬಣ್ಣ ಚೆನ್ನಾಗಿಯೇ ಕಾಣುತ್ತದೆ, ನಿದ್ದೆ ಕೆಡುತ್ತದೆ. ನೆಲದ ಆಮೆ ಸಾಕುವ ಚಳಿ ದೇಶದವರು ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಬಳಸುತ್ತಾರೆ. ನಮ್ಮಲ್ಲಿ, ನೀರು ಬೆಚ್ಚಗಿದ್ದರೆ ಗುಂಡನಿಗೆ ಅದರ ಅಗತ್ಯವೇ ಬೀಳಲಿಲ್ಲ.

"ಇದಕ್ಕ ಕರೆಂಟ್ ಬಿಲ್ ಎಷ್ಟು ಬರತೈತಿ?" ಅಕ್ಕ ಕೇಳಿದಳು. ಲೆಕ್ಕ ಮಾಡಿ ತೋರಿಸಿದೆ. ಬಲ್ಬ್ 8 ಗಂಟೆಗೆ 0.48 ಯೂನಿಟ್, ಟ್ಯೂಬ್ 10 ಗಂಟೆಗೆ 0.24. ದಿನಕ್ಕೆ 0.72, ತಿಂಗಳಿಗೆ ಸುಮಾರು 22 ಯೂನಿಟ್. ಹೀಟರ್ ಇದ್ದ ತಿಂಗಳು ಇನ್ನೊಂದಿಷ್ಟು ಜಾಸ್ತಿ. ಅಕ್ಕ ಒಪ್ಪಿದಳು.

ಬಲ್ಬಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ನೀರು ಮತ್ತು ಕರೆಂಟ್ ಪಕ್ಕಪಕ್ಕ ಇರುವುದರ ಬಗ್ಗೆ. ಮಗು ಇರುವ ಮನೆ. ಬಲ್ಬನ್ನು ಕ್ಲಿಪ್ಪಿಗೆ ನಂಬಿ ಬಿಡದೆ ತಂತಿಯಿಂದ ಬಿಗಿದು ಕಟ್ಟಿದೆವು. ವೈರ್ ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಮೇಲೆ ಹೋಗುವಂತೆ ಬಿಟ್ಟೆವು. ಹನಿ ಇಳಿದರೂ ಸಾಕೆಟ್‌ಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಮನೆಯ ಮೇನ್‌ಗೆ ಆರ್‌ಸಿಸಿಬಿ ಹಾಕಿಸಿದೆವು. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್, ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯೋದು: ಇವೆರಡು ಹುಡುಗನಿಗೆ ಕಡ್ಡಾಯ. ಆಮೆಯಿಂದ ಸಾಲ್ಮೊನೆಲ್ಲಾ ರೋಗಾಣು ಮಕ್ಕಳಿಗೆ ಹತ್ತುತ್ತದೆ ಅಂತಲೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು.

ನನ್ನ ಸಂತೋಷಕ್ಕೆ ಒಂದು ಸೆನ್ಸರ್ ಕೂಡ ಜೋಡಿಸಿದೆ. ನೀರಿನ ಡಿಗ್ರಿ ಬೆಂಗಳೂರಿನಲ್ಲಿ ನನ್ನ ಫೋನಿಗೆ ಬರುವಂತೆ. ಮೂರನೇ ದಿನ ರಾತ್ರಿ ಡೇಟಾ ನಿಂತಿತು. ಗಾಬರಿಯಾಗಿ ಹನ್ನೆರಡಕ್ಕೆ ಅಕ್ಕನನ್ನು ಎಬ್ಬಿಸಿದೆ. "ಕರೆಂಟ್ ಹೋಗೈತಿ, ಅದಕ್ಕ ವೈಫೈ ಇಲ್ಲ. ಗುಂಡ ಮಕ್ಕೊಂಡೈತಿ, ನೀನೂ ಮಕ್ಕೋ" ಅಂದಳು.

ಏಪ್ರಿಲ್ ಬಂತು

ಇಲ್ಲಿತನಕ ಓದಿದ್ದು ಎಲ್ಲಾ ಚಳಿ ದೇಶದವರು ಬರೆದದ್ದು. ಬೇಸಿಗೆಗೆ ಸಿಂಧನೂರು ಬೇರೆಯೇ ಪ್ರಶ್ನೆ ಹಾಕಿತು. ಕೋಣೆಯೇ 36 ಡಿಗ್ರಿ. ಬಲ್ಬ್ ಬಂದ್, ಹೀಟರ್ ಬಂದ್. ಈಗ ಚಿಂತೆ ಇಳಿಸೋದು ಹೇಗೆ ಅನ್ನೋದು.

ಬಿಸಿಲು ಹೊರಗೇ ಪುಕ್ಕಟೆ ಇದೆಯಲ್ಲ ಅಂತ ಒಂದು ದಿನ ಹನ್ನೊಂದು ಗಂಟೆಗೆ ಟಬ್ಬನ್ನು ಅಂಗಳದಲ್ಲಿ ಇಟ್ಟೆವು. ಸಿಂಟೆಕ್ಸ್ ನೀರು ಮೊದಲೇ ಬಿಸಿ. ಫೋನ್ ಬಂತು, ಒಳಗೆ ಹೋದೆ. ಅರ್ಧ ಗಂಟೆ ಬಿಟ್ಟು ಹುಡುಗ ಕೂಗಿದ, "ಮಾಮಾ, ಗುಂಡ ಗ್ವಾಡಿ ಹತ್ತಾಕ ಹತ್ತೈತಿ!" ಟಬ್ಬಿನ ನುಣುಪು ಗೋಡೆಗೆ ಕಾಲು ಕೆರೆಯುತ್ತಿತ್ತು. ನೀರಿಗೆ ಥರ್ಮಾಮೀಟರ್ ಹಾಕಿದೆ: 38. ಇನ್ನೆರಡು ಮೂರು ಡಿಗ್ರಿ ಏರಿದ್ದರೆ ಜೀವವೇ ಹೋಗುತ್ತಿತ್ತು. ಡಿಸೆಂಬರ್‌ನಲ್ಲಿ ಬಿಸಿಲಿಲ್ಲದೆ ಸಾಯಲು ಹೊರಟಿದ್ದ ಪ್ರಾಣಿಯನ್ನು ಏಪ್ರಿಲ್‌ನಲ್ಲಿ ನಾನೇ ಬೇಯಿಸಲು ಹೊರಟಿದ್ದೆ.

ಅಂದಿನಿಂದ ನಿಯಮ ಮಾಡಿಕೊಂಡೆವು. ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ 9, ಚಳಿಗಾಲದಲ್ಲಿ 9.30ರಿಂದ 10.30. ಟಬ್ಬಿನ ಅರ್ಧಕ್ಕೆ ಹಲಗೆ ಮುಚ್ಚಿ ನೆರಳು. ಯಾರಾದರೊಬ್ಬರು ಪಕ್ಕದಲ್ಲೇ ಕೂರಬೇಕು; ಕಾಗೆ, ಬೆಕ್ಕು, ನಾಯಿಯ ಕಾಟವೂ ಇದೆ. ಸೂರ್ಯ ಹುಟ್ಟುವ ಹೊತ್ತಿನ ಎಳೆಬಿಸಿಲಲ್ಲಿ ಯುವಿಬಿ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಬಹಳ ಉದ್ದ ಇದ್ದರೆ ಇನ್ನೂ ಹೊತ್ತಾಗಲಿ ಅಂತ ತಿಳಿಯಿರಿ. ಫೋನಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಇಂಡೆಕ್ಸ್ ಅಂತ ಇರುತ್ತದೆ, 2ರಿಂದ 4 ಇರುವ ಹೊತ್ತು ಒಳ್ಳೆಯದು. ನಮ್ಮ ಕಡೆ ಬೇಸಿಗೆಯ ನಡುಹಗಲು ಅದು 10 ದಾಟುತ್ತದೆ.

ಹೀಗೆ ಬಿಸಿಲು ಸಿಗುವ ದಿನ ಟ್ಯೂಬ್ ಹಾಕದಿದ್ದರೂ ನಡೆಯುತ್ತದೆ. ಮಳೆಗಾಲದ ಮೋಡಕ್ಕೆ, ಯಾರೂ ಮನೆಯಲ್ಲಿಲ್ಲದ ದಿನಕ್ಕೆ ಟ್ಯೂಬ್.

"ಕಾಲುವೆಗೆ ಬಿಡ್ರಿ, ಪುಣ್ಯ ಬರತೈತಿ"

ಇಷ್ಟೆಲ್ಲಾ ನೋಡಿದ ಪಕ್ಕದ ಮನೆಯವರು ಹೇಳಿದ್ದು ಇದು. ತುಂಗಭದ್ರಾ ಎಡದಂಡೆ ಕಾಲುವೆಯ ಊರು, ಹೊರಗೆ ಕಾಲಿಟ್ಟರೆ ಭತ್ತದ ಗದ್ದೆ. ಬಿಡುವುದು ಸುಲಭ. ಆದರೆ ಸ್ಲೈಡರ್ ಅಮೆರಿಕ ಮೂಲದ್ದು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪ್ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ನಮ್ಮ ಕೆರೆ, ಗದ್ದೆಗಳ ಆಮೆಗಳ ಊಟ, ಜಾಗ ಎರಡನ್ನೂ ಇದು ಕಸಿಯುತ್ತದೆ. ಹಾಗಾಗಿ ಬಿಡಲಿಲ್ಲ.

ಉಲ್ಟಾ ಪ್ರಶ್ನೆ ಮಸ್ಕಿಯ ನಮ್ಮ ಮನೆಯಲ್ಲಿ ಬಂತು. "ಹೊಲದಾಗ ಆಮಿ ಸಿಕ್ತಾವಲ್ಲ, ಒಂದು ತಂದು ಸಾಕಿದ್ರ ಆಗ್ತಿರಲಿಲ್ಲೇನು, ರೊಕ್ಕ ಯಾಕ ಕೊಟ್ಟಿ?" ಅಂದಳು ಅವ್ವ. ಅದು ಇನ್ನೂ ದೊಡ್ಡ ತಪ್ಪು. ನಕ್ಷತ್ರ ಆಮೆ ಸೇರಿದಂತೆ ನಮ್ಮ ಕಾಡು, ಹೊಲ, ಕೆರೆಗಳ ಆಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮನೆಯಲ್ಲಿಟ್ಟರೆ ಜೈಲು. ಯಾರಾದರೂ ಅಂಥದ್ದನ್ನು ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಸಾಕುವವರಿಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸುವ ನಿಯಮ 2024ರಲ್ಲಿ ಬಂದಿದೆ. ಕೊಳ್ಳುವ ಮುಂಚೆ ಇದನ್ನು ಕೇಳಿ, ರಸೀದಿ ತಗೊಳ್ಳಿ.

ಮನೆಯಲ್ಲಿ ಆಮೆ ಇದ್ದರೆ ಇವತ್ತೇ ನೋಡಿ

* ಬೆನ್ನಿನ ಅಂಚನ್ನು ಮೆಲ್ಲಗೆ ಮುಟ್ಟಿ. ಮೆತ್ತಗಿದ್ದರೆ ಡಾಕ್ಟರ ಹತ್ತಿರ ಹೋಗಿ, ಬಲ್ಬ್ ಆಮೇಲೆ ನೋಡೋಣ.
* ಒಂದು ಥರ್ಮಾಮೀಟರ್ ತನ್ನಿ. ನೀರು, ಕಲ್ಲು ಎರಡನ್ನೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ಆಮೇಲೆ ಹೀಟರ್ ಬೇಕೋ ಬೇಡವೋ ತೀರ್ಮಾನಿಸಿ.
* ಗಾಜಿನ ಅಡ್ಡಿ ಇಲ್ಲದ ಬಿಸಿಲು ಸಿಗುತ್ತಿದೆಯಾ? ಇಲ್ಲದಿದ್ದರೆ ಯುವಿಬಿ ಟ್ಯೂಬ್ ಬೇಕೇ ಬೇಕು.
* ಹೊರಗಿಟ್ಟಾಗ ಅರ್ಧ ನೆರಳು, ಪಕ್ಕದಲ್ಲಿ ಮನುಷ್ಯ.
* ಒಣ ಸೀಗಡಿ ಕಾಳು ಒಂದೇ ಊಟ ಆಗದಿರಲಿ. ಸೊಪ್ಪು, ಒಳ್ಳೆಯ ಪೆಲೆಟ್, ಕಣವೆ ಮೀನಿನ ಚಿಪ್ಪು ಇರಲಿ.

ಗುಂಡನ ಚಿಪ್ಪು ಈಗ ಗಟ್ಟಿಯಾಗಿದೆ. ಹಿಂದಿನ ಅಂಚು ಸ್ವಲ್ಪ ಮೇಲಕ್ಕೆ ಸೊಟ್ಟಗಾಗಿ ಉಳಿದಿದೆ, ಅದು ಇನ್ನು ಸರಿಹೋಗಲ್ಲ ಅಂದರು ಡಾಕ್ಟರು. ಚೆನ್ನಾಗಿ ನೋಡಿಕೊಂಡರೆ ಈ ಜಾತಿ 30 ವರ್ಷವೂ ಬದುಕುತ್ತದೆ. ಅಕ್ಕನ ಮಗನಿಗೆ ಆಗ 38. ಎಂಟು ವರ್ಷದ ಹುಡುಗನ ಕೈಗೆ 30 ವರ್ಷದ ಜವಾಬ್ದಾರಿ ಕೊಡುವಾಗ ನಾನು ಅವನನ್ನೂ ಕೇಳಿರಲಿಲ್ಲ, ಅಕ್ಕನನ್ನೂ ಕೇಳಿರಲಿಲ್ಲ. ಇನ್ನೊಮ್ಮೆ ಯಾರಿಗೂ ಪ್ರಾಣಿಯನ್ನು ಉಡುಗೊರೆ ಕೊಡಲಾರೆ.

ಅವನಂತೂ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ದಿನಾ ಸ್ಕೂಲಿಗೆ ಹೋಗುವ ಮುಂಚೆ ನೀರಿನ ಡಿಗ್ರಿ ಬರೆಯುತ್ತಾನೆ. ನನ್ನ ಸೆನ್ಸರ್ ಕೆಟ್ಟು ಎರಡು ತಿಂಗಳಾಯಿತು, ಯಾರೂ ಅದರ ಸುದ್ದಿ ಎತ್ತಿಲ್ಲ.