ಬಿಡುಗಡೆಯ ದಿನವೇ ಫೈಲೂ ಬರಲಿ

ಭಾನುವಾರ ಬೆಳಗ್ಗೆ ಬೆಂಗಳೂರಿನ ನಯನ ಸಭಾಂಗಣದಲ್ಲೋ ಬಸವನಗುಡಿಯ ವಾಡಿಯಾ ಸಭಾಂಗಣದಲ್ಲೋ ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಉಪ್ಪಿಟ್ಟು, ಕಾಫಿ, ಬಣ್ಣದ ಕಾಗದ ಬಿಚ್ಚಿ ಫೋಟೊ, ರಿಯಾಯಿತಿ ದರದ ಮಾರಾಟ. ಸಭೆಯಲ್ಲಿ ಕಣ್ಣು ಕಾಣದ ಓದುಗರಿದ್ದರೆ ಅವರಿಗೆ ದಕ್ಕುವುದು ಭಾಷಣ ಮಾತ್ರ. 2011ರ ಜನಗಣತಿಯಂತೆ ದೃಷ್ಟಿದೋಷವುಳ್ಳವರು ಕರ್ನಾಟಕದಲ್ಲೇ 2.64 ಲಕ್ಷ. ಅವರೆಲ್ಲ ಕಾದಂಬರಿ ಓದುವವರಲ್ಲ, ನಿಜ. ಕಣ್ಣಿದ್ದವರೂ ಓದುವುದಿಲ್ಲವಲ್ಲ!

ಈಗ ಯಾರೂ ಮೊಳೆ ಜೋಡಿಸಿ ಅಚ್ಚು ಹಾಕುವುದಿಲ್ಲ. ಡಿಟಿಪಿ ಆದ ಫೈಲ್ ಪ್ರಕಾಶಕರ ಕಂಪ್ಯೂಟರಿನಲ್ಲೇ ಇರುತ್ತದೆ. ಆದರೂ ಅಂಧ ವಿದ್ಯಾರ್ಥಿಗೆ ಆ ಪುಸ್ತಕ ಬೇಕೆಂದರೆ ಯಾರೋ ಪುಣ್ಯಾತ್ಮರು ಕೂತು ಪುಟಪುಟವನ್ನೂ ಸ್ಕ್ಯಾನ್ ಮಾಡಿ, ಒಸಿಆರ್ ತಪ್ಪಾಗಿ ಓದಿದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಬೇಕು. ಇದ್ದದ್ದನ್ನೇ ಮತ್ತೆ ಹುಟ್ಟಿಸುವ ಈ ದಂಡದ ದುಡಿಮೆ ಯಾಕೆ?

ಫೈಲ್ ಕೊಟ್ಟರೂ ಇನ್ನೊಂದು ತೊಡಕಿದೆ. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಎಂದು ಕಾಣುವ ಪದದ ಒಳಗಿರುವುದು ಕನ್ನಡದ ಅಕ್ಷರಗಳಲ್ಲ. ಇಂಗ್ಲಿಷಿನ ಪಿ, ಕ್ಯೂ, ನಡುವೆ ಪೌಂಡಿನ ಗುರುತು. ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ಗೋಜಲನ್ನೇ ಒದರುತ್ತದೆ. ಯೂನಿಕೋಡ್‌ಗೆ ಬದಲಿಸಿದರೆ ಎನ್‌ವಿಡಿಎಯಂಥ ಉಚಿತ ತಂತ್ರಾಂಶವೂ ಕನ್ನಡ ಓದುತ್ತದೆ. ಬದಲಿಸುವ ಸಾಧನಗಳೂ ಪುಕ್ಕಟೆ ಸಿಗುತ್ತವೆ.

ಕಾನೂನು ಅಡ್ಡ ಬರುತ್ತದೆಯೇ ಎಂದರೆ, ಇಲ್ಲ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಅಂಗವಿಕಲರಿಗಾಗಿ ಲಾಭದ ಉದ್ದೇಶವಿಲ್ಲದೆ ದುಡಿಯುವ ಸಂಸ್ಥೆಗಳು ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಇದೇ ಆಶಯದ 2013ರ ಮರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೇ ಭಾರತ. ಆದರೆ ಪ್ರಕಾಶಕರು ಫೈಲ್ ಕೊಡಲೇಬೇಕೆಂದು ಆ ವಿನಾಯಿತಿ ಹೇಳುವುದಿಲ್ಲ. ಗಂಟು ಬಿದ್ದಿರುವುದು ಅಲ್ಲೇ.

ಕೇಳಿದರೆ ಪ್ರಕಾಶಕರು ಹೇಳುವುದು ಒಂದೇ: ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿಬಿಟ್ಟರೆ? ಸಣ್ಣ ಬಂಡವಾಳದವರ ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಾಗದವೇನೂ ಕಾವಲಲ್ಲ. ಹ್ಯಾರಿ ಪಾಟರ್ ಕಾದಂಬರಿಗಳು ಅಧಿಕೃತ ಇ-ಪುಸ್ತಕವಾಗಿ ಬಂದದ್ದು 2012ರಲ್ಲಿ. ಸರಣಿಯ ಕೊನೆಯ ಕಾದಂಬರಿಯ ಪುಟಗಳ ಫೋಟೊಗಳು 2007ರ ಜುಲೈನಲ್ಲಿ, ಪುಸ್ತಕ ಅಂಗಡಿಗೆ ಬರುವ ಮೊದಲೇ ಇಂಟರ್‌ನೆಟ್‌ನಲ್ಲಿದ್ದವು. ಕಳ್ಳರಿಗೆ ಫೈಲ್ ಬೇಕಿರಲಿಲ್ಲ.

ಆಡಿಯೊ ಪುಸ್ತಕಗಳು ಬರುತ್ತಿವೆಯಲ್ಲ ಎನ್ನಬಹುದು. ಬರಲಿ. ಆದರೆ ಕೇಳಿದ್ದರಲ್ಲಿ ಕಾಗುಣಿತ ಸಿಗುವುದಿಲ್ಲ; ಪರೀಕ್ಷೆಗೆ ಓದುವವರಿಗೆ ಅದು ಬೇಕು. ಬ್ರೈಲ್‌ನಲ್ಲಿ ಸಿಗುತ್ತದೆ, ಆದರೆ ದಪ್ಪ ಕಾದಂಬರಿಯೊಂದು ಹಲವು ಸಂಪುಟಗಳಷ್ಟು ಹಿಗ್ಗುತ್ತದೆ. ಒಳ್ಳೆಯ ಯೂನಿಕೋಡ್ ಫೈಲ್ ಒಂದಿದ್ದರೆ ಧ್ವನಿ, ಬ್ರೈಲ್, ದೊಡ್ಡಕ್ಷರ ಮೂರಕ್ಕೂ ಆದೀತು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಈ ಕೆಲಸದಲ್ಲಿ ಪಳಗಿವೆ. 2016ರಿಂದ ಸುಗಮ್ಯ ಪುಸ್ತಕಾಲಯವೆಂಬ ರಾಷ್ಟ್ರಮಟ್ಟದ ಆನ್‌ಲೈನ್ ಗ್ರಂಥಾಲಯವೂ ಇದೆ.

ಲೇಖಕರಲ್ಲಿ ಒಂದು ಕೋರಿಕೆ. ಮುಂದಿನ ಪುಸ್ತಕದ ಕರಾರಿಗೆ ಸಹಿ ಹಾಕುವಾಗ ಒಂದು ಸಾಲು ಸೇರಿಸಿ: ಅಚ್ಚಿಗೆ ಹೋಗುವ ದಿನವೇ ಯೂನಿಕೋಡ್ ಪ್ರತಿ ಇಂಥ ಒಂದು ಸಂಸ್ಥೆಗೂ ಹೋಗತಕ್ಕದ್ದು.