ಪಾಠ ಯೋಜನೆಯಲ್ಲಿ ಇಲ್ಲದ ಜಲಪಾತ

ಕೊಣ್ಣೂರಿನಲ್ಲಿ ಅಭ್ಯಾಸ ಬೋಧನೆಯ ವೇಳೆ ಒಂಬತ್ತನೇ ತರಗತಿಗೆ 'ಪ್ರಚ್ಛನ್ನ ಶಕ್ತಿ' ವಿವರಿಸಲು ಜೋಗದ ಚಿತ್ರ ತೋರಿಸಿದೆ. ವಿದ್ಯಾರ್ಥಿನಿಯೊಬ್ಬಳು, "ಸರ್, ನಮ್ಮ ಫಾಲ್ಸ್ ಯಾಕ ಬ್ಯಾಡ್ರಿ? ನಮ್ಮಜ್ಜ ಅಲ್ಲೇ ಗಿರಣ್ಯಾಗ ದುಡದಾನ್ರಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಎಲ್ಲರೂ ಗೋಕಾಕ ಫಾಲ್ಸ್‌ಗೆ ನಡೆದೆವು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ. ಮೇಲಿರುವ ಒಂದು ಕಿಲೋಗ್ರಾಂ ನೀರಿನ ಪ್ರಚ್ಛನ್ನ ಶಕ್ತಿ ಎಷ್ಟು? ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರಗಳನ್ನು ಗುಣಿಸಿದರು: 1 × 9.8 × 52, ಅಂದರೆ ಸುಮಾರು 510 ಜೂಲ್. ನೀರು ಇಳಿಯುವಾಗ ಅದು ಚಲನ ಶಕ್ತಿಯಾಗುತ್ತದೆ. 1887ರಲ್ಲಿ ಗೋಕಾಕ ಗಿರಣಿ ಆರಂಭವಾದದ್ದು ಈ ನದಿಯ ಬಲದ ಮೇಲೆಯೇ.

ಲೆಕ್ಕ ಮುಗಿಸಿ ಆಕೆ, "ಇದನ್ನ ಅಜ್ಜಗ ಹೇಳ್ತೀನ್ರಿ" ಎಂದಳು. ಈಗ ಪಾಠ ಯೋಜನೆ ಬರೆಯುವ ಮೊದಲು ಶಾಲೆಯ ಊರನ್ನೊಮ್ಮೆ ಸುತ್ತಿ ಬರುತ್ತೇನೆ.